ಸ್ಟೇರಿಂಗ್ ಅದರಿದರೆ ಯಾರನ್ನು ಕೇಳಬೇಕು?



ಲಾರಿ ಓಡಿಸುವವರು, ಲಾರಿ ಇಟ್ಟುಕೊಂಡವರು, ಅವರನ್ನೇ ನಂಬಿಕೊಂಡ ಮನೆಯವರು, ಈ ಹೊತ್ತಿನ ಮಾತು ನಿಮಗಾಗಿ. ಸಣ್ಣ ಗೂಡ್ಸ್ ಗಾಡಿ ಇರುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬಂದೀತು.

ವಿಷಯ ಒಂದೇ. ಗಾಡಿಯ ಮುಂಭಾಗದಲ್ಲಿ ಏನೋ ತೊಂದರೆ. ಸ್ಟೇರಿಂಗ್ ಅದರುತ್ತದೆ. ಇಲ್ಲವೇ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇಲ್ಲವೇ ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನೀವು ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಬಿಡುತ್ತೀರಿ. ಅವರು ಏನೋ ಮಾಡಿ, ಬಿಲ್ ಕೊಟ್ಟು ಕಳಿಸುತ್ತಾರೆ. ಎರಡು ವಾರ ಕಳೆಯುವುದರೊಳಗೆ ಮತ್ತೆ ಅದೇ ಅದರಾಟ. ಮತ್ತೆ ಹೋಗುತ್ತೀರಿ. ಈ ಸಲ ಇನ್ನೊಂದು ಕಾರಣ ಹೇಳುತ್ತಾರೆ. ಇನ್ನೊಂದು ಬಿಲ್ ಬರುತ್ತದೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಬಹಳ ವರ್ಷ ಐಟಿಐಯಲ್ಲಿ ಮೋಟಾರು ಕೆಲಸ ಕಲಿಸಿದವನು. ನನ್ನ ಕೈಯಲ್ಲಿ ಕಲಿತ ಹುಡುಗರು ಇಂಥ ವರ್ಕ್‌ಶಾಪುಗಳಲ್ಲೇ ದುಡಿಯುತ್ತಿದ್ದಾರೆ. ಲಾರಿ ಮಾಲೀಕರೂ ನನ್ನ ಬಳಿಗೆ ಬರುತ್ತಾರೆ. ಎರಡೂ ಕಡೆಯ ಮಾತು ನನಗೆ ಗೊತ್ತು. ಕೆಲಸಗಾರರ ಕೈಯಲ್ಲಿ ವಿದ್ಯೆ ಇದೆ. ಮಾಲೀಕರ ಮಾತಿನಲ್ಲಿ ಸತ್ಯ ಇದೆ. ಇವೆರಡೂ ಒಂದು ಕಡೆ ಸೇರುತ್ತಿಲ್ಲ, ಅದೇ ನನ್ನ ಸಂಕಟ.

ದಾವಣಗೆರೆ ಕಡೆಯ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಅವರೇ ಮಾಲೀಕರು, ಅವರೇ ಡ್ರೈವರು. ಆರು ಚಕ್ರದ ಲಾರಿ. ಸಾಲ ಮಾಡಿ ಹೊಸದಾಗಿ ಕೊಂಡದ್ದು. ಮೆಕ್ಕೆಜೋಳ ತುಂಬಿಕೊಂಡು ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ಸಿರಾ ದಾಟಿ ಬೆಂಗಳೂರಿನ ಕಡೆಗೆ ಹೋಗುತ್ತಿದ್ದರು. ವಾರಂಟಿ ಇನ್ನೂ ಮುಗಿದಿರಲಿಲ್ಲ. ಅವರು ನನ್ನ ಹತ್ತಿರ ಬಂದು ಹೇಳಿದ್ದು ಹೀಗೆ:

"ಮೇಷ್ಟ್ರೇ, ಲೋಡ್ ಇದ್ದಾಗ ಐವತ್ತೈದು ದಾಟ್ತು ಅಂದ್ರೆ ಸ್ಟೇರಿಂಗ್ ಅದರಾಕ ಹತ್ತತಿ. ಸೇತುವೆ ಮ್ಯಾಲಿನ ಜಾಯಿಂಟ್ ಹತ್ತಿ ಇಳಿದ್ರೆ ಸಾಕು. ಕೈಯಾಗ ಹಿಡಿಯಾಕ ಆಗಂಗಿಲ್ಲ. ನಲವತ್ತಕ್ಕೆ ಇಳಿಸಿದ್ರೆ ತಾನೇ ನಿಲ್ತತಿ. ಖಾಲಿ ಗಾಡ್ಯಾಗ ಏನೂ ಇಲ್ಲ."

ಈ ಮಾತನ್ನು ಗಮನವಿಟ್ಟು ಕೇಳಿದಿರಾ? ಎಷ್ಟು ವೇಗದಲ್ಲಿ ಶುರುವಾಗುತ್ತದೆ ಎಂದು ಅವರು ಹೇಳಿದ್ದಾರೆ. ಏನು ತಗುಲಿದಾಗ ಶುರುವಾಗುತ್ತದೆ ಎಂದು ಹೇಳಿದ್ದಾರೆ. ಯಾವಾಗ ನಿಲ್ಲುತ್ತದೆ, ಯಾವಾಗ ಇರುವುದೇ ಇಲ್ಲ ಎಂದೂ ಹೇಳಿದ್ದಾರೆ. ಒಬ್ಬ ಒಳ್ಳೆಯ ಮೇಸ್ತ್ರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಆದರೆ ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ ಇದ್ದದ್ದು ಎರಡೇ ಪದ: ಸ್ಟೇರಿಂಗ್ ವೈಬ್ರೇಶನ್. ವೇಗ ಇಲ್ಲ, ಲೋಡ್ ಇಲ್ಲ, ಸೇತುವೆ ಇಲ್ಲ. ಆ ಎರಡು ಪದ ನೋಡಿ ಮೊದಲ ಸಲ ಅಲೈನ್‌ಮೆಂಟ್ ಮಾಡಿದರು. ಮುಂದಿನ ಸಲ ಗಾಲಿಗಳ ಬ್ಯಾಲೆನ್ಸಿಂಗ್ ಮಾಡಿದರು. ಆಮೇಲೆ ಮುಂದಿನ ಎರಡೂ ಟೈರು ಬದಲಿಸಲು ಹೇಳಿದರು. ಟೈರಿಗೆ ವಾರಂಟಿ ಇಲ್ಲ, ನೀವೇ ಕೊಳ್ಳಬೇಕು ಎಂದರು. ಲಾರಿಯ ಟೈರು ಅಂದರೆ ಸಣ್ಣ ಖರ್ಚಲ್ಲ. ಟೈರು ಬದಲಿಸಿದ ಮೇಲೂ ಅದರಾಟ ಬಂತು. ಈಗ ಸ್ಟೇರಿಂಗ್ ಬಾಕ್ಸ್ ಹೋಗಿದೆ, ಕಂಪನಿಗೆ ಬರೆಯಬೇಕು ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: "ನೀವು ಓವರ್‌ಲೋಡ್ ಹಾಕ್ತೀರಿ, ಅದಕ್ಕೇ ಹಿಂಗಾಗೋದು."

ಅವರಿಗೆ ನೋವಾದದ್ದು ಈ ಕೊನೆಯ ಮಾತಿನಿಂದ. ವೇಬ್ರಿಡ್ಜಿನ ತೂಕದ ಚೀಟಿಗಳನ್ನೆಲ್ಲ ಅವರು ಜೋಪಾನವಾಗಿ ಇಟ್ಟಿದ್ದರು. ಆರ್‌ಸಿಯಲ್ಲಿ ಬರೆದ ತೂಕದೊಳಗೇ ತುಂಬುತ್ತಿದ್ದರು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎಕ್ಸಲ್ ತೂಕದ ಮಿತಿಯನ್ನು ಏರಿಸಿದ್ದು ನಿಮಗೆ ನೆನಪಿರಬಹುದು. ಎರಡು ಟೈರಿನ ಮುಂದಿನ ಎಕ್ಸಲ್‌ಗೆ ಮೊದಲು 6 ಟನ್ ಇತ್ತು, 7 ಟನ್ ಆಯಿತು. ಕಾನೂನೇ ಒಪ್ಪಿದ ತೂಕ ಅದು. ಆ ತೂಕ ಹೊತ್ತ ಲಾರಿ ಅದರಿದರೆ ಅದನ್ನು ಡ್ರೈವರನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತೊಂದರೆ ಒಂದೇ, ಕಾರಣ ಮಾತ್ರ ಸಲಕ್ಕೊಂದು. ಡ್ರೈವರ್ ಹೇಳಿದ ವಿವರ ಜಾಬ್ ಕಾರ್ಡಿಗೆ ಬರಲೇ ಇಲ್ಲ. ಈಗ ಮುಂದಿನ ಪ್ರಶ್ನೆ. ದೊಡ್ಡ ವರ್ಕ್‌ಶಾಪು, ಒಳ್ಳೆಯ ಯಂತ್ರಗಳು, ತರಬೇತಿ ಪಡೆದ ಹುಡುಗರು. ಆದರೂ ಪತ್ತೆ ಯಾಕೆ ತಪ್ಪುತ್ತದೆ?

ಎಲ್ಲರೂ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಅದು ಸುಳ್ಳು. ತಪ್ಪು ನಡೆಯುವುದು ಪದ್ಧತಿಯಲ್ಲಿ. ಗಾಡಿ ವರ್ಕ್‌ಶಾಪಿಗೆ ಬರುವುದು ಖಾಲಿಯಾಗಿ. ಓಡಿಸಿ ನೋಡುವುದು ಗೇಟಿನಿಂದ ಸರ್ಕಲ್‌ವರೆಗೆ, 30 ಕಿಲೋಮೀಟರ್ ವೇಗದಲ್ಲಿ. ಲೋಡಿನಲ್ಲಿ, 55ರಲ್ಲಿ ಬರುವ ರೋಗ ಅಲ್ಲಿ ಹೇಗೆ ಕಂಡೀತು? ದೂರು ಬರೆದುಕೊಳ್ಳುವವರು ಒಬ್ಬರು, ಗಾಡಿಯ ಅಡಿ ಮಲಗುವವರು ಇನ್ನೊಬ್ಬರು. ಡ್ರೈವರನನ್ನು ಒಳಗೆ ಬಿಡುವುದಿಲ್ಲ. ಇನ್ನು ಹಣದ ಲೆಕ್ಕ ಇದೆ. ಬದಲಿಸಿದ ಭಾಗಕ್ಕೆ ಬಿಲ್ ಆಗುತ್ತದೆ. ಒಂದು ಗಂಟೆ ಕೂತು ಕಾರಣ ಹುಡುಕಿದ್ದಕ್ಕೆ ಬಿಲ್ ಆಗುವುದು ಕಷ್ಟ. ಹಾಗಾಗಿ ಹುಡುಕುವ ಕೆಲಸ ಹಿಂದೆ ಬೀಳುತ್ತದೆ, ಬದಲಿಸುವ ಕೆಲಸ ಮುಂದೆ ಬರುತ್ತದೆ. ನಾಡಿ ಹಿಡಿಯದೆ ಮಾತ್ರೆ ಬದಲಿಸುತ್ತಾ ಹೋಗುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ? ಇಲ್ಲೂ ಒಪ್ಪಬಾರದು.

ಇದರಲ್ಲಿ ಒಂದು ಬಲೆ ಇದೆ. ಇದನ್ನು ದಯವಿಟ್ಟು ನೆನಪಿಡಿ. ತಪ್ಪು ರಿಪೇರಿಯೂ ಸ್ವಲ್ಪ ದಿನ ಸರಿ ಹೋದಂತೆ ತೋರಿಸುತ್ತದೆ. ಗಾಲಿ ಬ್ಯಾಲೆನ್ಸ್ ಮಾಡಿದರೆ ಅದರಾಟಕ್ಕೆ ಸಿಗುವ ಚಾಲನೆ ಕಡಿಮೆಯಾಗುತ್ತದೆ. ಹೊಸ ಟೈರು ಸಮನಾಗಿ ಉರುಳುತ್ತದೆ. ಒಳಗಿನ ಸಡಿಲು ಹಾಗೇ ಇದ್ದರೂ ಅದು ಒಂದಷ್ಟು ದಿನ ತಲೆ ಎತ್ತುವುದಿಲ್ಲ. ಮಾಲೀಕರು "ಈಗ ಪರವಾಗಿಲ್ಲ" ಎಂದು ಸಹಿ ಹಾಕುತ್ತಾರೆ. ವರ್ಕ್‌ಶಾಪಿನವರು ದೂರು ಬಗೆಹರಿಯಿತು ಎಂದು ಬರೆದುಕೊಳ್ಳುತ್ತಾರೆ. ಹೊಸ ಟೈರಿನ ಅಂಚು ಸವೆಯತೊಡಗಿದಾಗ ಅದರಾಟ ಮರಳಿ ಬರುತ್ತದೆ. ಅಷ್ಟರಲ್ಲಿ ಅದು ಹೊಸ ದೂರು ಎಂದು ದಾಖಲಾಗುತ್ತದೆ.

ಹಾಗಾದರೆ ನಿಜವಾದ ಕಾರಣ ಹುಡುಕುವುದು ಹೇಗೆ? ಇದಕ್ಕೆ ಲಾರಿಯ ಮುಂಭಾಗವನ್ನು ಸ್ವಲ್ಪ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ನಾನು ನಿಧಾನವಾಗಿ ಹೇಳುತ್ತೇನೆ.

ಮುಂದೆ ಅಡ್ಡಲಾಗಿ ಒಂದು ದಪ್ಪ ಉಕ್ಕಿನ ಎಕ್ಸಲ್ ಇದೆ. ಅದರ ಎರಡು ತುದಿಯಲ್ಲಿ ಗಾಲಿಗಳು. ಗಾಲಿ ಎಡಕ್ಕೆ ಬಲಕ್ಕೆ ತಿರುಗಬೇಕಲ್ಲ? ಅದಕ್ಕೆ ಪ್ರತಿ ತುದಿಯಲ್ಲಿ ನೆಟ್ಟಗೆ ನಿಂತ ಒಂದು ಗೂಟ. ಅದೇ ಕಿಂಗ್ ಪಿನ್. ನಮ್ಮ ಹೆಬ್ಬೆರಳಿಗಿಂತ ಬಹಳ ದಪ್ಪ. ಅದರ ಮೇಲೆ ಕೆಳಗೆ ಬುಷ್‌ಗಳು, ಭಾರ ಹೊರಲು ಒಂದು ತ್ರಸ್ಟ್ ಬೇರಿಂಗ್. ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸಲು ಒಂದು ಉದ್ದನೆಯ ಕಂಬಿ, ಟೈ ರಾಡ್. ಸ್ಟೇರಿಂಗ್ ಬಾಕ್ಸಿನಿಂದ ಗಾಲಿಗೆ ಬರುವ ಇನ್ನೊಂದು ಕಂಬಿ, ಡ್ರ್ಯಾಗ್ ಲಿಂಕ್. ಈ ಕಂಬಿಗಳ ತುದಿಗಳಲ್ಲಿ ಗುಂಡಿನ ಕೀಲುಗಳು. ಎಕ್ಸಲ್ ಮೇಲೆ ಸ್ಪ್ರಿಂಗ್ ಪ್ಲೇಟುಗಳು, ಅವನ್ನು ಬಿಗಿದ ಯು ಬೋಲ್ಟುಗಳು. ಗಾಲಿಯ ಹಬ್ಬಿನೊಳಗೆ ಬೇರಿಂಗ್.

ಇವುಗಳಲ್ಲಿ ಎಲ್ಲಿ ಸಡಿಲು ಬಂದರೂ ಸ್ಟೇರಿಂಗಿಗೆ ಅದರಾಟ ಬರಬಹುದು. ಅದಕ್ಕೇ ಊಹೆ ಸಾಲದು. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಜಾಕ್ ಬೇಕು, ಒಂದು ಹಾರೆ ಬೇಕು, ಬ್ರೇಕ್ ತುಳಿಯಲು ಇನ್ನೊಬ್ಬ ಬೇಕು.

ಒಂದು ಪರೀಕ್ಷೆಯನ್ನು ಪೂರ್ತಿ ಹೇಳುತ್ತೇನೆ. ಗಾಡಿ ಖಾಲಿ ಇರಲಿ, ನೆಲ ಸಮನಾಗಿರಲಿ, ಹಿಂದಿನ ಗಾಲಿಗೆ ಅಡ್ಡ ಇಡಿ. ಮುಂದಿನ ಎಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು. ಗಾಲಿ ನೆಲ ಬಿಟ್ಟ ಮೇಲೆ ಟೈರಿನ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ. ಟೈರಿನ ತಲೆ ಮತ್ತು ಬುಡ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟ್ ಕಟ್ ಎಂದು ಸಪ್ಪಳ ಬಂದರೆ ಎಲ್ಲೋ ಸಡಿಲಿದೆ. ಎಲ್ಲಿ? ಬೇರಿಂಗಿನಲ್ಲೋ ಕಿಂಗ್ ಪಿನ್ನಿನಲ್ಲೋ? ಈಗ ಒಬ್ಬರು ಮೇಲೆ ಕೂತು ಬ್ರೇಕ್ ತುಳಿಯಲಿ. ಗಾಳಿ ಒತ್ತಡ ಪೂರ್ತಿ ಇರಬೇಕು. ಬ್ರೇಕ್ ತುಳಿದಾಗ ಲೈನರು ಡ್ರಮ್ಮನ್ನು ಕಚ್ಚಿ ಹಿಡಿಯುತ್ತದೆ. ಬೇರಿಂಗಿನ ಸಡಿಲು ಕಾಣದಾಗುತ್ತದೆ. ಈಗ ಮತ್ತೆ ಅಲ್ಲಾಡಿಸಿ. ಸಪ್ಪಳ ನಿಂತರೆ ದೋಷ ಬೇರಿಂಗಿನದು. ಬ್ರೇಕ್ ತುಳಿದರೂ ಸಪ್ಪಳ ಇದ್ದರೆ ದೋಷ ಕಿಂಗ್ ಪಿನ್ನಿನದು.

ಹತ್ತು ನಿಮಿಷದ ಕೆಲಸ. ಇದು ಕಂಪ್ಯೂಟರ್ ತೋರಿಸುವುದಲ್ಲ, ಕೈಗೆ ತಿಳಿಯುವುದು.

ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ ನೋಡುವಾಗ ಗಾಡಿಯನ್ನು ಎತ್ತಬಾರದು. ಭಾರ ನೆಲದ ಮೇಲೇ ಇರಬೇಕು. ಇಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಲಿ. ಇನ್ನೊಬ್ಬರು ಪ್ರತಿ ಕೀಲಿನ ಮೇಲೂ ಕೈ ಇಟ್ಟು ನೋಡಲಿ. ಕಂಬಿ ಅಲುಗಿದರೂ ಮುಂದಿನ ಭಾಗ ಅಲುಗದಿದ್ದರೆ ಆ ಕೀಲು ಸವೆದಿದೆ. ಸ್ಟೇರಿಂಗ್ ತಿರುಗಿದರೂ ಬಾಕ್ಸಿನ ಕೆಳಗಿನ ಡ್ರಾಪ್ ಆರ್ಮ್ ತಿರುಗದೆ ತಡಮಾಡಿದರೆ ಆಗ ಬಾಕ್ಸನ್ನು ಅನುಮಾನಿಸಬೇಕು. ಅದಕ್ಕೆ ಮೊದಲು ಅಲ್ಲ.

ಇನ್ನು ಎಳೆತ. ನಾವು ಎಡಗಡೆ ಓಡಿಸುತ್ತೇವೆ. ಮಳೆನೀರು ಹರಿಯಲೆಂದು ರಸ್ತೆಯೇ ಎಡಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ. ಗಾಡಿ ಮೆಲ್ಲಗೆ ಎಡಕ್ಕೆ ಜಾರಿದರೆ ಅದು ರೋಗವಲ್ಲ. ಜೋರಾಗಿ ಎಳೆದರೆ ಮೊದಲು ಗಾಳಿ ನೋಡಿ. ಗಾಳಿ ಸರಿ ಇದ್ದರೆ ಮುಂದಿನ ಎಡ ಬಲ ಟೈರುಗಳನ್ನು ಅದಲು ಬದಲು ಮಾಡಿ. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನಲ್ಲಿದೆ. ಬದಲಿಸದಿದ್ದರೆ ಟೈರು ಕೊಳ್ಳುವ ಅಗತ್ಯವೇ ಇಲ್ಲ. ಬ್ರೇಕ್ ಹಿಡಿದಾಗ ಮಾತ್ರ ಎಳೆದರೆ ಬ್ರೇಕನ್ನೇ ನೋಡಬೇಕು.

ಟೈರಿನ ಸವೆತವೂ ಮಾತಾಡುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಆಡಿಸಿ. ಒಂದು ಕಡೆಗೆ ನುಣುಪು, ಹಿಂದಕ್ಕೆ ಬರುವಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಅಲೈನ್‌ಮೆಂಟಿನಲ್ಲಿ ಟೋ, ಅಂದರೆ ಎರಡು ಗಾಲಿಗಳ ಮುಖದ ದಿಕ್ಕು, ತಪ್ಪಿದೆ. ಒಂದೇ ಅಂಚು ಸವೆದಿದ್ದರೆ ಗಾಲಿ ವಾಲಿದೆ. ಕಿಂಗ್ ಪಿನ್ ಸವೆದಿರಬಹುದು, ಎಕ್ಸಲ್ ಬಗ್ಗಿರಬಹುದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಬ್ಯಾಲೆನ್ಸ್, ಬೇರಿಂಗ್, ಶಾಕ್ ಅಬ್ಸಾರ್ಬರ್ ನೋಡಬೇಕು.

ಇಲ್ಲಿ ನಾನು ಗಟ್ಟಿಯಾಗಿ ಹೇಳುವ ಒಂದು ಮಾತಿದೆ. ಅಲೈನ್‌ಮೆಂಟ್ ಕೊನೆಯ ಕೆಲಸ, ಮೊದಲ ಕೆಲಸವಲ್ಲ. ಗಾಳಿ, ಟೈರು, ಬೇರಿಂಗ್, ಕಿಂಗ್ ಪಿನ್, ಕೀಲುಗಳು, ಸ್ಪ್ರಿಂಗ್ ಪ್ಲೇಟು, ಇವೆಲ್ಲ ಸರಿ ಇವೆ ಎಂದು ಖಾತ್ರಿಯಾದ ಮೇಲೆ ಮಾಡಬೇಕಾದದ್ದು ಅದು. ಸಡಿಲಾದ ಕೀಲನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿದರೆ ಯಂತ್ರದ ಮೇಲೆ ಅಂಕಿ ಸರಿ ಬರುತ್ತದೆ. ಗೇಟು ದಾಟಿದ ಮೇಲೆ ಆ ಅಂಕಿ ಉಳಿಯುವುದಿಲ್ಲ.

ದಾವಣಗೆರೆಯವರ ಲಾರಿಯಲ್ಲಿ ಆಗಿದ್ದೂ ಇದೇ. ಎಡಗಡೆ ಟೈರು ಒಳ ಅಂಚಿನಲ್ಲಿ ಸವೆದಿತ್ತು. ಅದು ಮೊದಲ ದಿನದಿಂದಲೂ ಕೂಗಿ ಹೇಳುತ್ತಿತ್ತು. ಜಾಕ್ ಕೊಟ್ಟು ಎತ್ತಿದರೆ ಗಾಲಿ ಅಲ್ಲಾಡಿತು. ಬ್ರೇಕ್ ತುಳಿದರೂ ಅಲ್ಲಾಟ ನಿಲ್ಲಲಿಲ್ಲ. ಕಿಂಗ್ ಪಿನ್ ಬುಷ್ ಸವೆದು ಹೋಗಿತ್ತು. ಹೊಸ ಗಾಡಿಯಲ್ಲಿ ಇಷ್ಟು ಬೇಗ ಯಾಕೆ ಎಂದು ವರ್ಕ್‌ಶಾಪಿನ ಮೇಸ್ತ್ರಿಯೊಬ್ಬರು ಗ್ರೀಸ್ ಗನ್ ಹಿಡಿದು ಒತ್ತಿದರು. ಗ್ರೀಸ್ ಒಳಗೆ ಹೋಗಲಿಲ್ಲ. ನಿಪ್ಪಲ್ ಬಿಚ್ಚಿದರೆ ಅದರ ಬಾಯಿ ಗಟ್ಟಿ ಮಣ್ಣಿನಿಂದ ಮುಚ್ಚಿತ್ತು. ಪ್ರತಿ ಸರ್ವಿಸ್ ಬಿಲ್ಲಿನಲ್ಲಿ ಗ್ರೀಸ್ ಹಾಕಿದ್ದೇವೆ ಎಂದು ಬರೆದಿತ್ತು. ಗನ್ ಒತ್ತಿದವರು ಹಳೆಯ ಗ್ರೀಸ್ ಹೊರಗೆ ಬಂತೇ ಎಂದು ನೋಡಿರಲಿಲ್ಲ. ಹೊಸ ಗ್ರೀಸ್ ಒಳಗೆ ಹೋದದ್ದಕ್ಕೆ ಒಂದೇ ಸಾಕ್ಷಿ, ಹಳೆಯದು ಅಂಚಿನಿಂದ ಉಕ್ಕಿ ಬರುವುದು. ಮುಂಭಾಗವನ್ನು ಎತ್ತಿ, ಭಾರ ಇಳಿಸಿ ಗ್ರೀಸ್ ಹಾಕಿದರೆ ಅದು ಎಲ್ಲ ಕಡೆ ಹರಡುತ್ತದೆ. ಇದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಪಾಠದಲ್ಲಿ ಹೇಳುತ್ತಿದ್ದೆ. ಇವತ್ತು ನಿಮಗೂ ಹೇಳುತ್ತಿದ್ದೇನೆ.

ಈಗ ತಿರುಗಿ ನೋಡೋಣ. ರೋಗ ಯಾವುದು ಎಂದು ಟೈರು ಹೇಳುತ್ತದೆ, ಕೈಯ ಪರೀಕ್ಷೆ ಹೇಳುತ್ತದೆ. ಆ ಪರೀಕ್ಷೆಯನ್ನು ವರ್ಕ್‌ಶಾಪಿನವರಿಂದ ಮಾಡಿಸುವುದು ಹೇಗೆ? ಅದು ಮುಂದಿನ ಮಾತು. ನನ್ನ ಅನುಭವದಲ್ಲಿ ಇಲ್ಲೇ ಮಾಲೀಕರು ಸೋಲುವುದು.

ಬಹಳ ಜನ ಹೋಗಿ "ಅಲೈನ್‌ಮೆಂಟ್ ಮಾಡಿ" ಎಂದು ಬರೆಸುತ್ತಾರೆ. ಹಾಗೆ ಬರೆಸಿದರೆ ನೀವು ಹೇಳಿದ ಕೆಲಸವನ್ನು ಅವರು ಮಾಡಿದಂತಾಯಿತು. ಅದರಾಟ ನಿಲ್ಲದಿದ್ದರೆ "ನೀವು ಕೇಳಿದ್ದು ಮಾಡಿದ್ದೇವೆ" ಎನ್ನುತ್ತಾರೆ. ಅವರ ಮಾತು ಕಾಗದದ ಮೇಲೆ ಸರಿಯೇ. ಆದ್ದರಿಂದ ಕೆಲಸ ಹೇಳಬೇಡಿ, ತೊಂದರೆ ಹೇಳಿ. ಎಷ್ಟು ಲೋಡಿನಲ್ಲಿ, ಎಷ್ಟು ವೇಗದಲ್ಲಿ, ಎಂಥ ರಸ್ತೆಯಲ್ಲಿ, ಬ್ರೇಕ್ ಹಿಡಿದಾಗಲೋ ಬಿಟ್ಟಾಗಲೋ, ಯಾವಾಗ ಶುರು, ಯಾವಾಗ ನಿಲ್ಲುತ್ತದೆ. ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಅವರು ಬರೆದುಕೊಳ್ಳದಿದ್ದರೆ ನೀವೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಯಾವುದೇ ಭಾಗ ಬದಲಿಸುವ ಮೊದಲು ಗಾಲಿ ಎತ್ತಿ, ಬ್ರೇಕ್ ಹಿಡಿದು, ಡ್ರೈವರನ ಎದುರಿನಲ್ಲಿ ಪರೀಕ್ಷೆ ಮಾಡಬೇಕು.

ಈ ಒಂದು ಸಾಲೇ ದಾವಣಗೆರೆಯವರ ಕೆಲಸ ಮಾಡಿಸಿದ್ದು. ಅದನ್ನು ಓದಿದ ಸರ್ವಿಸ್ ಮ್ಯಾನೇಜರು ಹಳೆಯ ಮೇಸ್ತ್ರಿಯೊಬ್ಬರನ್ನು ಕರೆದರು. ಆ ಮೇಸ್ತ್ರಿ ಗಾಲಿ ಅಲ್ಲಾಡಿಸಿ ಒಂದೇ ಮಾತು ಹೇಳಿದರು: "ಇದನ್ನ ಮೊದಲೇ ಎತ್ತಿ ನೋಡಬೇಕಾಗಿತ್ತು ಸಾರ್."

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಅಲೈನ್‌ಮೆಂಟ್ ಮಾಡಿದರೆ ಮಾಡುವ ಮೊದಲಿನ ಮತ್ತು ಆಮೇಲಿನ ಎರಡೂ ಪ್ರಿಂಟ್ ಕೇಳಿ. ನಿಮ್ಮ ಹಣದಲ್ಲಿ ಬದಲಿಸಿದ ಹಳೆಯ ಭಾಗವನ್ನು ಮನೆಗೆ ತನ್ನಿ. ವಾರಂಟಿಯಲ್ಲಿ ಬದಲಿಸಿದ್ದಾದರೆ ಅದು ಕಂಪನಿಗೆ ಹೋಗಬಹುದು, ಆದರೆ ಕಣ್ಣಿಂದ ನೋಡಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಸರಿಹೋಗಿದೆ ಎಂದು ಲೋಡಿನಲ್ಲಿ ಓಡಿಸಿ ನೋಡುವ ಮೊದಲು ಸಹಿ ಹಾಕಬೇಡಿ. ಹಾಕಲೇಬೇಕಾದರೆ "ಲೋಡಿನಲ್ಲಿ ಓಡಿಸಿ ನೋಡಿಲ್ಲ" ಎಂದು ಬರೆದು ಹಾಕಿ. ಹೊರಗಿನ ಒಬ್ಬ ಅನುಭವಿ ಮೇಸ್ತ್ರಿಗೆ ತೋರಿಸಿ ಅಭಿಪ್ರಾಯ ಕೇಳಿ. ಪ್ರತಿ ದೊಡ್ಡ ಊರಿನ ಲಾರಿ ಸ್ಟ್ಯಾಂಡಿನ ಹತ್ತಿರ ಅಂಥವರಿದ್ದಾರೆ. ಆದರೆ ವಾರಂಟಿ ಇರುವಾಗ ಹೊರಗೆ ಬಿಚ್ಚಿಸಬೇಡಿ. ನೋಡಿಸಿದರೆ ಸಾಕು. ಬಿಚ್ಚಿಸಿದರೆ ಕಂಪನಿಯವರಿಗೆ ನೆಪ ಸಿಗುತ್ತದೆ.

ಅಪಾಯದ ಮಾತನ್ನೂ ಹೇಳಬೇಕು. ಸವೆತ ಮಿತಿಮೀರಿ ಟೈ ರಾಡಿನ ಕೀಲು ಕಳಚಿದರೆ ಎರಡು ಗಾಲಿಗಳ ನಂಟು ಕಡಿದು ಒಂದು ಗಾಲಿ ತನಗೆ ಬೇಕಾದ ಕಡೆಗೆ ತಿರುಗುತ್ತದೆ. ಶಿರಾಡಿ ಘಾಟಿಯಲ್ಲೋ ಚಾರ್ಮಾಡಿ ಘಾಟಿಯಲ್ಲೋ ಇಳಿಯುವಾಗ ಹಾಗಾದರೆ ಏನು ಗತಿ? ಡ್ರೈವರು ಒಬ್ಬರದೇ ಪ್ರಾಣವಲ್ಲ. ಎದುರಿನಿಂದ ಬರುವ ಬಸ್ಸಿನಲ್ಲಿ ಇರುವವರದೂ. ಅದರಾಟ ಜೋರಾಗಿದ್ದರೆ ಲೋಡು ಒಪ್ಪಿಕೊಳ್ಳಬೇಡಿ. ಕಂತು ತಪ್ಪೀತು ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಒಪ್ಪಿಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದಿರಿ. ತೊಂದರೆಯನ್ನು ವಿವರವಾಗಿ ಬರೆದುಕೊಟ್ಟಿರಿ, ಪರೀಕ್ಷೆ ಕೇಳಿದಿರಿ, ಕಾಗದ ಇಟ್ಟುಕೊಂಡಿರಿ. ಆದರೂ ಅವರು ಕೇಳಲಿಲ್ಲ. ಆಗ ಏನು?

ಮೊದಲು ಕಂಪನಿಯ ಪ್ರಾದೇಶಿಕ ಸರ್ವಿಸ್ ಕಚೇರಿಗೆ ಬರೆಯಿರಿ. ವರ್ಕ್‌ಶಾಪು ನಡೆಸುವ ಡೀಲರ್ ಬೇರೆ, ಲಾರಿ ತಯಾರಿಸಿದ ಕಂಪನಿ ಬೇರೆ. ವಾರಂಟಿ ಕೊಟ್ಟಿರುವುದು ಕಂಪನಿ. ಇಮೇಲ್ ಮಾಡಿ, ಸ್ವೀಕೃತಿ ಬರುವಂತೆ ಅಂಚೆಯಲ್ಲೂ ಕಳಿಸಿ. ತಾರೀಖು ಹಾಕಿ ಒಂದೊಂದು ಭೇಟಿಯನ್ನೂ ಬರೆಯಿರಿ. ಅವರ ಇಂಜಿನಿಯರು ಬಂದು ನೋಡಲಿ ಎಂದು ಕೇಳಿ. ಬಹಳ ಪ್ರಕರಣಗಳು ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಗ್ರಾಹಕರ ಆಯೋಗ ಇದೆ. ಇಲ್ಲಿ ಒಂದು ಹೆದರಿಕೆ ಹಬ್ಬಿದೆ. "ಲಾರಿ ಕೊಂಡದ್ದು ವ್ಯಾಪಾರಕ್ಕೆ, ನೀವು ಗ್ರಾಹಕರೇ ಅಲ್ಲ" ಎಂದು ಹೇಳುತ್ತಾರೆ. ಕೇಳಿಸಿಕೊಳ್ಳಿ. ತನ್ನ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಕೊಂಡದ್ದು ವಾಣಿಜ್ಯ ಉದ್ದೇಶ ಅಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. 1995ರಲ್ಲಿ ಸುಪ್ರೀಂ ಕೋರ್ಟು ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಇದನ್ನು ವಿವರಿಸುವಾಗ ಕೊಟ್ಟ ಉದಾಹರಣೆಗಳಲ್ಲಿ ಒಂದು ಲಾರಿಯದೇ. ಲಾರಿ ಕೊಂಡು ತಾನೇ ಬಾಡಿಗೆಗೆ ಓಡಿಸುವವನು ಗ್ರಾಹಕನೇ ಎಂದು ಕೋರ್ಟು ಹೇಳಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಆ ವಿವರಣೆ ಉಳಿದಿದೆ. ಹತ್ತಾರು ಲಾರಿ ಇಟ್ಟು ಕಂಪನಿ ನಡೆಸುವವರ ಮಾತು ಬೇರೆ. ಒಂದೇ ಲಾರಿಯನ್ನು ತಾವೇ ಓಡಿಸುವವರು ಹೆದರಬೇಕಾಗಿಲ್ಲ.

ಕೊಟ್ಟ ಬೆಲೆ 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಡೀಲರ್ ಇರುವ ಊರಿಗೆ ಅಲೆಯಬೇಕಿಲ್ಲ, ನೀವು ವಾಸವಾಗಿರುವ ಜಿಲ್ಲೆಯಲ್ಲೇ ಕೊಡಬಹುದು. ಇದು ಹೊಸ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ದೂರು ಬರೀ ಸರ್ವಿಸ್ ಬಗ್ಗೆ ಆಗಿದ್ದು, ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ದಾಖಲಾಗಬೇಕು. "ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ ನೋಡೋಣ" ಎಂದು ಅವರು ದಿನ ತಳ್ಳುತ್ತಿರುವಾಗ ಈ 2 ವರ್ಷ ಓಡುತ್ತಿರುತ್ತದೆ, ಮರೆಯಬೇಡಿ. ಪರೀಕ್ಷೆಯಿಂದಲೇ ಗೊತ್ತಾಗಬೇಕಾದ ದೋಷವಾದರೆ ಆಯೋಗ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬಹುದು. ಆಗ ನಿಮ್ಮ ಜಾಬ್ ಕಾರ್ಡು, ಪ್ರಿಂಟು, ಫೋಟೋ, ತೂಕದ ಚೀಟಿ, ಎಲ್ಲವೂ ಸಾಕ್ಷಿಯಾಗುತ್ತವೆ.

ಅಮೆರಿಕದಲ್ಲಿ 1982ರಲ್ಲಿ ಕನೆಕ್ಟಿಕಟ್ ರಾಜ್ಯ ಹೊಸ ವಾಹನಗಳಿಗಾಗಿಯೇ ಒಂದು ಕಾನೂನು ತಂದಿತು. ಒಂದೇ ದೋಷವನ್ನು ಹಲವು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ಗಾಡಿ ಬದಲಿಸಿ ಕೊಡಬೇಕು ಇಲ್ಲವೇ ಹಣ ವಾಪಸ್ ಕೊಡಬೇಕು. ಆಮೇಲೆ ಉಳಿದ ರಾಜ್ಯಗಳೂ ಇಂಥ ಕಾನೂನು ಮಾಡಿದವು. ನಮ್ಮಲ್ಲಿ ಹಾಗೆ ಸಲ ಎಣಿಸುವ ಪ್ರತ್ಯೇಕ ಕಾನೂನು ಇಲ್ಲ. ಬೇಕು ಎಂದು ನನ್ನ ಅಭಿಪ್ರಾಯ. ಅದು ಬರುವವರೆಗೆ ಪ್ರತಿ ಭೇಟಿಯನ್ನೂ ನೀವೇ ಎಣಿಸಿ ಬರೆದಿಡಬೇಕು.

ದಾವಣಗೆರೆಯವರು ಆಯೋಗದವರೆಗೆ ಹೋಗಬೇಕಾಗಲಿಲ್ಲ. ಅವರ ಹತ್ತಿರ ಪ್ರತಿ ಸರ್ವಿಸ್ ಬಿಲ್ ಇತ್ತು. ಗ್ರೀಸ್ ಹಾಕಿದ್ದೇವೆ ಎಂದು ಬರೆದದ್ದು ಡೀಲರ್, ನಿಪ್ಪಲ್ ಮುಚ್ಚಿದ್ದು ಎಲ್ಲರ ಕಣ್ಣೆದುರಿಗೆ. ಕಿಂಗ್ ಪಿನ್, ಬುಷ್, ಬೇರಿಂಗ್ ಎಲ್ಲವನ್ನೂ ಹಣ ಪಡೆಯದೆ ಹಾಕಿಕೊಟ್ಟರು. ಟೈರಿನ ಅರ್ಧ ಹಣ ಹಿಂದಿರುಗಿಸಿದರು. ನಿಂತ ದಿನಗಳ ಬಾಡಿಗೆ ಮಾತ್ರ ಬರಲಿಲ್ಲ.

ವರ್ಕ್‌ಶಾಪು ನಡೆಸುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಹಳೆಯ ಮೇಸ್ತ್ರಿಗಳಿದ್ದಾರೆ. ಮುಂಭಾಗದ ದೂರು ಬಂದ ಗಾಡಿಯನ್ನು ಮೊದಲು ಅವರ ಕೈಗೆ ಕೊಡಿ. ಗಾಲಿ ಎತ್ತಿದಾಗ ಡ್ರೈವರನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗೇಟಿನ ಹೊರಗೆ ಕೂರಿಸಬೇಡಿ.

ಲಾರಿ ಬಂಧುಗಳೇ, ನಿಮಗೆ ದೂರು ಹೇಗೆ ಕೊಡಬೇಕು ಎಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ. ಸಂಖ್ಯೆ 1915. ಇನ್ನೊಮ್ಮೆ ಹೇಳುತ್ತೇನೆ, ಒಂದು, ಒಂಬತ್ತು, ಒಂದು, ಐದು. ಕನ್ನಡದಲ್ಲೇ ಮಾತಾಡಬಹುದು.